ಬೋರ್ಡ್ ಬರೆಯುವವನ ಬೆಟ್ಟದ ಕೆರೆ

ನಾನು ಮೊದಲು ಬಿಡಿಸಿದ ಬೆಟ್ಟ-ಕೆರೆ ಒಂದು ಲಾರಿಯ ಹಿಂದಿನ ಹಲಗೆಯ ಮೇಲಿತ್ತು. ಎರಡು ತ್ರಿಕೋನ ಬೆಟ್ಟ, ತುದಿಗೆ ಸುಣ್ಣ ಬಳಿದ ಹಾಗೆ ಹಿಮ, ನಡುವೆ ಅರ್ಧ ಸೂರ್ಯ, ಕೆಳಗೆ ನೀಲಿ ಕೆರೆ, ಕೆರೆಯಲ್ಲಿ ಎರಡು ಬಾತುಕೋಳಿ. ಅದರ ಅಡಿಗೆ ‘ಸೌಂಡ್ ಹಾರ್ನ್’. ಬೆಳಿಗ್ಗೆ ಶುರು ಮಾಡಿ ಊಟದ ಹೊತ್ತಿಗೆ ಮುಗಿಸಿದ್ದೆ. ಮರುದಿನ ಲಾರಿ ಕೆಂಪುಕಲ್ಲು ತುಂಬಿಕೊಂಡು ಹೋಯಿತು.

ಕಾಸರಗೋಡಿನ ಬದಿಯಡ್ಕದ ಸುತ್ತಮುತ್ತ ಇಪ್ಪತ್ತು ವರ್ಷ ಬೋರ್ಡ್ ಬರೆದವನು ನಾನು. ಕನ್ನಡ, ಮಲಯಾಳ ಎರಡೂ ಲಿಪಿ ಕೈಗೆ ಬರುತ್ತದೆ. ಜವಳಿ ಅಂಗಡಿ, ಬಸ್ಸು, ಯಕ್ಷಗಾನದ ಬ್ಯಾನರ್, ಚುನಾವಣೆ ಬಂದರೆ ಗೋಡೆ. ಫ್ಲೆಕ್ಸ್ ಬಂದ ಮೇಲೆ ಬ್ರಷ್ ಡಬ್ಬದಲ್ಲೇ ಉಳಿಯಿತು. ಹಾಗಿರುವಾಗ ಹೊಸ ಮನೆ ಕಟ್ಟಿದ ಮೇಷ್ಟ್ರೊಬ್ಬರು ಕರೆದರು. ಸೋಫಾದ ಮೇಲಿನ ಗೋಡೆಗೆ ಒಂದು ಚಿತ್ರ ಬೇಕಂತೆ. ಬೆಟ್ಟ, ಕೆರೆ, ಮಂಜು, ಹಳೇ ಯುರೋಪಿನವರು ಬಿಡಿಸುತ್ತಿದ್ದ ಹಾಗೆ. ನಾನು ಪ್ಲೈವುಡ್ ಮೇಲೆ ಎನಾಮೆಲ್‌ನಲ್ಲಿ ಬಿಡಿಸಿ ತೆಗೆದುಕೊಂಡು ಹೋದೆ. ಅವರು ತುಂಬಾ ಹೊತ್ತು ನೋಡಿದರು. ಆಮೇಲೆ, “ಚೆಂದ ಉಂಟು. ಆದ್ರೆ ಬೋರ್ಡಿನ ಹಾಗೆ ಓದ್ಲಿಕ್ಕೆ ಆಗ್ತದೆ” ಅಂದರು.

ಆ ಮಾತು ಚುಚ್ಚಿತು. ರಾತ್ರಿ ಮನೆಯಲ್ಲಿ ಚಿತ್ರವನ್ನು ಗೋಡೆಗೆ ಒರಗಿಸಿ ನೋಡಿದೆ. ಮೇಷ್ಟ್ರು ಹೇಳಿದ್ದು ಸರಿ ಇತ್ತು. ಎಲ್ಲದಕ್ಕೂ ಅಂಚು ಇತ್ತು. ಹತ್ತಿರದ ಕಲ್ಲಿಗೂ ಚೂಪು ಅಂಚು, ಹತ್ತು ಮೈಲು ಆಚೆಯ ಬೆಟ್ಟಕ್ಕೂ ಅಷ್ಟೇ ಚೂಪು ಅಂಚು. ಬಸ್ಸಿನಲ್ಲಿ ಹೋಗುವವನೂ ಅಕ್ಷರ ಓದಬೇಕು ಅಂತ ಪಳಗಿದ ಕೈ ಅದು. ಅದಕ್ಕೆ ಕರಗಿಸುವುದು ಗೊತ್ತಿರಲಿಲ್ಲ. ಮುಂದಿನ ಎರಡು ವರ್ಷ ನಾನು ಕಲಿತದ್ದೆಲ್ಲ ಅದೊಂದನ್ನೇ. ಎಣ್ಣೆಬಣ್ಣದಲ್ಲಿ ಬೆಟ್ಟ-ಕೆರೆ ಬಿಡಿಸುವುದರ ಬಗ್ಗೆ ಇಲ್ಲಿ ಬರೆಯುವುದೂ ಹೆಚ್ಚಾಗಿ ಅದನ್ನೇ.

ನೋಡದ ಬೆಟ್ಟ

ಹಿಮದ ಬೆಟ್ಟವನ್ನು ನಾನು ಇವತ್ತಿನವರೆಗೂ ಕಣ್ಣಾರೆ ನೋಡಿಲ್ಲ. ನಮಗೆ ಗುಡ್ಡೆ ಅಂದರೆ ಪೊಸಡಿಗುಂಪೆ, ಇನ್ನೂ ದೂರ ಅಂದರೆ ರಾಣಿಪುರ. ನೋಡದ್ದನ್ನು ಬಿಡಿಸುವುದು ಮೋಸ ಅಲ್ವಾ ಅಂತ ಒಂದು ಅಳುಕು ಇತ್ತು. ಕಾಸ್ಪರ್ ಡೇವಿಡ್ ಫ್ರೆಡ್ರಿಕ್‌ನ ಕಥೆ ಗೊತ್ತಾದ ಮೇಲೆ ಅದು ಹೋಯಿತು. ಜರ್ಮನಿಯವನು, 1774ರಲ್ಲಿ ಹುಟ್ಟಿ 1840ರಲ್ಲಿ ತೀರಿಕೊಂಡವನು. ರೊಮ್ಯಾಂಟಿಕ್ ಚಿತ್ರಕಾರರಲ್ಲಿ, ಅಂದರೆ ಪ್ರಕೃತಿಯ ಎದುರಿನ ಬೆರಗನ್ನು ಬಿಡಿಸಿದವರಲ್ಲಿ, ದೊಡ್ಡ ಹೆಸರು. ಆಲ್ಪ್ಸ್‌ನ ವಾಟ್ಸ್‌ಮನ್ ಅನ್ನುವ ಹಿಮಶಿಖರವನ್ನು 1824-25ರಲ್ಲಿ ದೊಡ್ಡದಾಗಿ ಬಿಡಿಸಿದ. ಆದರೆ ಆಲ್ಪ್ಸ್‌ಗೆ ಅವನು ಹೋಗಿಯೇ ಇರಲಿಲ್ಲ! ಶಿಖರಕ್ಕೆ ಶಿಷ್ಯನೊಬ್ಬನ ಜಲವರ್ಣದ ಸ್ಕೆಚ್ ಆಧಾರ. ಮುಂದಿನ ಬಂಡೆಗೆ ಮಾತ್ರ ತಾನೇ ಹಾರ್ಜ್ ಬೆಟ್ಟಗಳಲ್ಲಿ ವರ್ಷಗಳ ಹಿಂದೆ ಗೀಚಿಟ್ಟುಕೊಂಡ ಚಿತ್ರ.

ನಾನು ಹಿಡಿದದ್ದೂ ಅದೇ ದಾರಿ. ದೂರದ್ದು ಬೇರೆಯವರ ಕಣ್ಣಿನಿಂದ ಬಂದರೆ ಪರವಾಗಿಲ್ಲ, ಕಾಲಬುಡದ್ದು ಮಾತ್ರ ನಾವು ಮುಟ್ಟಿ ನೋಡಿದ್ದಾಗಿರಬೇಕು. ಹಿಮಶಿಖರಕ್ಕೆ ಫೋಟೋ ನೋಡಿ. ನೀರು, ಕಲ್ಲು, ಹುಲ್ಲು, ಮಂಜು ನಮ್ಮಲ್ಲೇ ಉಂಟು.

ಶುರು ಮಾಡುವ ಮೊದಲು ಹೊತ್ತು ಯಾವುದು ಅಂತ ನಿರ್ಧರಿಸಿಕೊಳ್ಳಿ. ಇಂಗ್ಲೆಂಡಿನ ಚಿತ್ರಕಾರ ಟರ್ನರ್ 1842ರಲ್ಲಿ ಸ್ವಿಟ್ಜರ್ಲೆಂಡಿನ ಲೂಸರ್ನ್ ಸರೋವರದ ಆಚೆಗಿರುವ ರಿಗಿ ಬೆಟ್ಟವನ್ನು ಮೂರು ಸಲ ಬಿಡಿಸಿದ. ಒಂದು ನೀಲಿ ರಿಗಿ, ಒಂದು ಕೆಂಪು ರಿಗಿ, ಒಂದು ಕಪ್ಪು ರಿಗಿ. ಅವು ಜಲವರ್ಣ, ಎಣ್ಣೆಬಣ್ಣ ಅಲ್ಲ. ಆದರೂ ಪಾಠ ಅದೇ. ಬೆಟ್ಟ ಇದ್ದಲ್ಲೇ ಇದೆ, ಬೆಳಕು ಬೇರೆ. ಲಾರಿ ಚಿತ್ರದಲ್ಲಿ ಹೊತ್ತೇ ಇರುವುದಿಲ್ಲ, ನೋಡಿ. ಸೂರ್ಯ ಹುಟ್ಟುತ್ತಿರುತ್ತಾನೆ, ಆಕಾಶ ಮಟಮಟ ಮಧ್ಯಾಹ್ನದ್ದು. ಮೊದಲ ಚಿತ್ರಕ್ಕೆ ನಸುಕು ಒಳ್ಳೆಯದು. ಸೂರ್ಯ ಬೆಟ್ಟದ ಹಿಂದೆ, ಇನ್ನೂ ಕಾಣಿಸಿಲ್ಲ. ಬಣ್ಣ ಕಡಿಮೆ, ಹಾಗಾಗಿ ತಪ್ಪೂ ಕಡಿಮೆ.

ಸಾಮಾನು

ಹಲಗೆ: 12 ಇಂಚು, 16 ಇಂಚು. ಮಳೆಗಾಲದಲ್ಲಿ ಕ್ಯಾನ್ವಾಸ್ ತೇವ ಹೀರಿ ಜೋಲುತ್ತದೆ. ಅದಕ್ಕೆ ನಾನು 6 ಮಿಲಿಮೀಟರ್ ಪ್ಲೈವುಡ್‌ಗೆ ಹೋದೆ. ಎರಡೂ ಬದಿಗೆ ಅಕ್ರಿಲಿಕ್ ಜೆಸ್ಸೊ, ಅಂದರೆ ಬಣ್ಣ ಹಿಡಿಯಲು ಮೊದಲು ಬಳಿಯುವ ಬಿಳಿ ಲೇಪ, ಹಚ್ಚಿ. ಒಂದೇ ಬದಿಗೆ ಹಚ್ಚಿದರೆ ಹಲಗೆ ಬಾಗುತ್ತದೆ. ಮುಂದಿನ ಬದಿಗೆ ಮೂರು ಕೋಟ್, ಪ್ರತಿ ಕೋಟ್ ಒಣಗಿದ ಮೇಲೆ ನಯವಾದ ಉಪ್ಪುಕಾಗದದಲ್ಲಿ ಉಜ್ಜಿ. ಬೋರ್ಡಿಗೆ ಹಚ್ಚುವ ಎನಾಮೆಲ್ ಪ್ರೈಮರ್ ಬೇಡ. ಅದು ಗಾಜಿನ ಹಾಗೆ ನುಣುಪು, ಮೇಲಿನ ಎಣ್ಣೆಬಣ್ಣಕ್ಕೆ ಹಿಡಿತ ಸಿಗದೆ ಮುಂದೊಂದು ದಿನ ಏಳುತ್ತದೆ.

ಬಣ್ಣ ಆರೇ ಸಾಕು. ಟೈಟಾನಿಯಂ ವೈಟ್ ದೊಡ್ಡ ಟ್ಯೂಬು, ಅದು ಎಲ್ಲಕ್ಕಿಂತ ಮೊದಲು ಮುಗಿಯುತ್ತದೆ. ಅಲ್ಟ್ರಾಮರೀನ್ ಬ್ಲೂ, ಬರ್ನ್ಟ್ ಸಿಯೆನಾ (ಕೆಂಪು ಕಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಅಂಬರ್ (ಗಾಢ ಕಂದು), ಸ್ವಲ್ಪ ಕ್ರಿಮ್ಸನ್ (ಕಡುಗೆಂಪು). ಕಪ್ಪು ತೆಗೆದುಕೊಳ್ಳಬೇಡಿ. ಅಲ್ಟ್ರಾಮರೀನ್‌ಗೆ ಬರ್ನ್ಟ್ ಸಿಯೆನಾ ಕಲಸಿದರೆ ಟ್ಯೂಬಿನ ಕಪ್ಪಿಗಿಂತ ಚೆಂದದ ಕಪ್ಪು ಬರುತ್ತದೆ. ನೀಲಿ ಜಾಸ್ತಿಯಾದರೆ ತಣ್ಣಗೆ, ಸಿಯೆನಾ ಜಾಸ್ತಿಯಾದರೆ ಬೆಚ್ಚಗೆ. ಹಸಿರಿನ ಟ್ಯೂಬೂ ಬೇಡ. ನೀಲಿಗೆ ಓಕರ್ ಹಾಕಿದರೆ ಬರುವ ಮಂಕು ಹಸಿರೇ ದೂರದ ಕಾಡಿಗೆ ಸರಿ.

ಅಲ್ಟ್ರಾಮರೀನ್, ಬರ್ನ್ಟ್ ಸಿಯೆನಾ ಈ ಎರಡು ಬಣ್ಣ ನಮ್ಮ ಮನೆಯವೇ ಅಂತ ನನಗೆ ಅನಿಸುತ್ತದೆ. ಅಮ್ಮ ಬಿಳಿ ಮುಂಡಿಗೆ ಹಾಕುತ್ತಿದ್ದ ನೀಲಿ ಪುಡಿ ಉಂಟಲ್ಲ, ಅದೂ ಅಲ್ಟ್ರಾಮರೀನೇ. ಮೊದಲು ಅದನ್ನು ಅಫ್ಘಾನಿಸ್ತಾನದ ಲಾಪಿಸ್ ಕಲ್ಲು ಅರೆದು ಮಾಡುತ್ತಿದ್ದರು. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಕಾರ್ಖಾನೆಯಲ್ಲಿ ಮಾಡುವ ವಿಧಾನ ಸಿಕ್ಕಿತು, ಬೆಲೆ ಇಳಿಯಿತು, ಬಟ್ಟೆ ಒಗೆಯುವ ಕಲ್ಲಿನವರೆಗೂ ಬಂತು. ಇನ್ನು ಬರ್ನ್ಟ್ ಸಿಯೆನಾ ಅಂದರೆ ಸುಟ್ಟ ಮಣ್ಣು. ಅದರ ಕೆಂಪು ಕಬ್ಬಿಣದ್ದು. ನಮ್ಮ ಕೆಂಪುಕಲ್ಲಿನ ಕೆಂಪೂ ಅದೇ ಕಬ್ಬಿಣದ್ದು. ಹಾಗಂತ ಅಂಗಳದ ಮಣ್ಣು ಅರೆದು ಬಣ್ಣ ಮಾಡಲಿಕ್ಕೆ ಹೋಗಬೇಡಿ. ನಾನು ಹೋಗಿದ್ದೆ. ಮರಳು ಬಂತು, ಬಣ್ಣ ಬರಲಿಲ್ಲ.

ಬ್ರಷ್: ಹಂದಿಕೂದಲಿನ ಚಪ್ಪಟೆ ಎರಡು, ಬೋರ್ಡ್ ಬರೆಯುವ ಉದ್ದ ಕೂದಲಿನದ್ದು ಒಂದು, ಕರಗಿಸಲು ಎರಡಿಂಚಿನ ಮೆತ್ತನೆಯ ಒಣ ಬ್ರಷ್ ಒಂದು. ನನ್ನ ಕರಗಿಸುವ ಬ್ರಷ್ ಮಗಳ ಹಳೇ ಮೇಕಪ್ ಬ್ರಷ್. ಅವಳಿಗೆ ಇನ್ನೂ ಹೇಳಿಲ್ಲ.

ತೆಂಗಿನೆಣ್ಣೆಯ ಕಥೆ

ಎಣ್ಣೆಬಣ್ಣಕ್ಕೆ ಎಣ್ಣೆ ಬೇಕು ಅಂತ ಎಲ್ಲರಿಗೂ ಗೊತ್ತು. ನನಗೂ ಅಷ್ಟೇ ಗೊತ್ತಿತ್ತು. ಅಗಸೆ ಎಣ್ಣೆ ತರಲು ಮಂಗಳೂರಿಗೆ ಹೋಗಬೇಕು, ಬಾಟಲಿ ಮುಗಿದಿದೆ, ಹೊರಗೆ ಆಟಿ ತಿಂಗಳ ಮಳೆ. ಅಡುಗೆಮನೆಯಲ್ಲಿ ಒಳ್ಳೇ ಗಾಣದ ತೆಂಗಿನೆಣ್ಣೆ ಇತ್ತು. ಎಣ್ಣೆ ಎಣ್ಣೆಯೇ ಅಲ್ವಾ ಅಂತ ಅದನ್ನೇ ಹಾಕಿ ಇಡೀ ಕೆರೆ ಬಿಡಿಸಿದೆ. ಬ್ರಷ್ ಎಷ್ಟು ಸಲೀಸಾಗಿ ಓಡಿತು ಅಂದರೆ, ಇಷ್ಟು ದಿನ ಸುಮ್ನೆ ದುಡ್ಡು ಹಾಕಿದೆ ಅನಿಸಿತು.

ಒಂದು ವಾರ ಆಯಿತು. ಒಣಗಲಿಲ್ಲ. ಮಳೆ ಅಲ್ವಾ ಅಂದುಕೊಂಡೆ. ಒಂದು ತಿಂಗಳಾಯಿತು. ಬೆರಳಿಟ್ಟರೆ ನೀಲಿ. ದೀಪಾವಳಿಗೆ ಕೆರೆಯ ತುಂಬ ಧೂಳು, ಎರಡು ಸೊಳ್ಳೆ, ಒಂದು ಇರುವೆ ಸಾಲು. ಅದು ಯಾವತ್ತೂ ಒಣಗುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಎಣ್ಣೆಬಣ್ಣ ನೀರಿನ ಹಾಗೆ ಆರಿ ಒಣಗುವುದಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ನಿಧಾನಕ್ಕೆ ಗಟ್ಟಿ ಪೊರೆಯಾಗುತ್ತದೆ. ತೆಂಗಿನೆಣ್ಣೆಗೆ ಆ ಗುಣವೇ ಇಲ್ಲ. ಚಳಿಗೆ ಹೆಪ್ಪುಗಟ್ಟುತ್ತದೆ, ಬಿಸಿಲಿಗೆ ಕರಗುತ್ತದೆ, ಅಷ್ಟೇ. ತಲೆಗೆ, ಪಲ್ಯಕ್ಕೆ ಒಳ್ಳೆಯದು. ಹಲಗೆಯನ್ನು ಕೆರೆದು ಸೌದೆಗೆ ಹಾಕಿದೆ.

ಹಾಗಾಗಿ ಎರಡೇ ದ್ರವ ಇಟ್ಟುಕೊಳ್ಳಿ: ಚಿತ್ರಕಾರರಿಗೆ ಮಾರುವ ಅಗಸೆ ಎಣ್ಣೆ, ಮತ್ತು ಟರ್ಪೆಂಟೈನ್. ಕಿಟಕಿ ತೆರೆದಿಡಿ, ಟರ್ಪೆಂಟೈನ್ ವಾಸನೆ ತಲೆಗೆ ಹೊಡೆಯುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಗಾಳಿ ಹೀರುವಾಗ ಅದು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹಗ್ಗದ ಮೇಲೆ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಬಚ್ಚಲಿನ ಹೊಗೆ

ಬ್ರಷ್ ಹಿಡಿಯುವ ಮೊದಲು ಒಂದು ಬೆಳಿಗ್ಗೆ ಸುಮ್ನೆ ನೋಡಲಿಕ್ಕೆ ಇಡಿ. ನಮ್ಮ ಬಚ್ಚಲಿಗೆ ಇನ್ನೂ ಸೌದೆಯ ಒಲೆ. ಬೆಳಿಗ್ಗೆ ಬೆಂಕಿ ಹಾಕಿದರೆ ಹೊಗೆ ಹಂಚಿನ ಸಂದಿಯಿಂದ ಎದ್ದು ಅಡಿಕೆ ತೋಟದ ಕಡೆ ಹೋಗುತ್ತದೆ. ತೋಟದ ಒಳಗೆ ಇನ್ನೂ ಕತ್ತಲೆ. ಆ ಕತ್ತಲೆಯ ಮುಂದೆ ಹೊಗೆ ನೀಲಿ. ಅದೇ ಹೊಗೆ ಮೇಲೆ ಹೋಗಿ ಅಡಿಕೆ ಮರದ ತುದಿ ದಾಟಿ ಬೆಳ್ಳಗಿನ ಆಕಾಶದ ಮುಂದೆ ಬಂದ ಕೂಡಲೇ ಕಂದು. ಒಂದೇ ಹೊಗೆ, ಒಂದೇ ನಿಮಿಷ! ಹಿಂದೆ ಏನಿದೆ ಅನ್ನುವುದರ ಮೇಲೆ ಅದರ ಬಣ್ಣ.

ದೂರದ ಬೆಟ್ಟ ನೀಲಿ ಕಾಣುವುದೂ ಹೀಗೆಯೇ. ಬೆಟ್ಟ ನೀಲಿ ಅಲ್ಲ. ಕಪ್ಪು ಬೆಟ್ಟಕ್ಕೂ ನಮಗೂ ನಡುವೆ ಇರುವ ಗಾಳಿ ಬೆಳಕನ್ನು ಚದುರಿಸುತ್ತದೆ, ನೀಲಿಯನ್ನು ಜಾಸ್ತಿ ಚದುರಿಸುತ್ತದೆ. ಬೆಟ್ಟ ದೂರವಾದಷ್ಟೂ ನಡುವಿನ ಗಾಳಿ ಜಾಸ್ತಿ, ನೀಲಿ ಜಾಸ್ತಿ, ಗಾಢತೆ ಕಡಿಮೆ. ಹಿಮ ಇದ್ದರೆ ಉಲ್ಟಾ. ದೂರದ ಬಿಳಿ ಹೊಗೆ ಹಿಡಿದ ಹಾಗೆ ಸ್ವಲ್ಪ ಹಳದಿಗೆ ತಿರುಗುತ್ತದೆ. ಅದಕ್ಕೆ ಶಿಖರದ ಹಿಮಕ್ಕೆ ಟ್ಯೂಬಿನ ಬಿಳಿ ಹಾಗೆಯೇ ಇಡಬಾರದು, ಓಕರ್ ಒಂದು ಚಿಟಿಕೆ ಬೇಕು. ಲಾರಿಯ ಬೆಟ್ಟಕ್ಕೆ ನಾನು ಬಳಿದದ್ದು ಸುಣ್ಣವೇ.

ಕೆಲಸ ಶುರು

ಹಲಗೆಯ ಬಿಳಿಯನ್ನು ಮೊದಲು ಕೊಲ್ಲಿ. ಬರ್ನ್ಟ್ ಸಿಯೆನಾವನ್ನು ಟರ್ಪೆಂಟೈನ್‌ನಲ್ಲಿ ಚಹಾ ಬಣ್ಣಕ್ಕೆ ತೆಳು ಮಾಡಿ ಇಡೀ ಹಲಗೆಗೆ ಬಳಿದು ಬಟ್ಟೆಯಿಂದ ಒರೆಸಿ. ಬಿಳಿ ಹಲಗೆಯ ಮೇಲೆ ಎಲ್ಲ ಬಣ್ಣವೂ ಗಾಢ ಅನಿಸುತ್ತದೆ, ಕೈ ಹೆದರುತ್ತದೆ. ಕಂದಿನ ಮೇಲೆ ಆ ಹೆದರಿಕೆ ಇಲ್ಲ.

ಒಣಗಿದ ಮೇಲೆ ಅಂಬರ್‌ನಲ್ಲಿ ನಾಲ್ಕೇ ಗೆರೆ. ನೀರಿನ ಗೆರೆಯನ್ನು ಹಲಗೆಯ ಮಧ್ಯಕ್ಕೆ ಎಳೆಯಬೇಡಿ, ಕೆಳಗಿನಿಂದ ಮೂರನೇ ಒಂದು ಭಾಗಕ್ಕೆ ಎಳೆಯಿರಿ. ಅದು ಸ್ಕೇಲ್ ಹಿಡಿದ ಹಾಗೆ ಅಡ್ಡಕ್ಕೆ ನೇರ ಇರಬೇಕು. ಒಂದು ಕೂದಲೆಳೆ ವಾರೆಯಾದರೂ ಕೆರೆ ಚೆಲ್ಲುತ್ತದೆ. ಇಲ್ಲಿ ಬೋರ್ಡ್ ಬರೆದ ಕೈ ಉಪಯೋಗಕ್ಕೆ ಬರುತ್ತದೆ. ಶಿಖರ ಬಲಕ್ಕೆ ಅಥವಾ ಎಡಕ್ಕೆ, ನಟ್ಟನಡುವೆ ಬೇಡ. ಅದರ ಎದುರು ಬದಿಯ ಮೂಲೆಯಲ್ಲಿ ಕಪ್ಪು ಬಂಡೆ, ಒಂದು ಮರ.

ಈಗ ಬಣ್ಣ ಕಲಸುವುದು. ಈ ಕೆಲಸಕ್ಕೆ ಅರ್ಧ ಗಂಟೆ ಹೋದರೂ ಹೋಗಲಿ. ಪ್ಯಾಲೆಟ್‌ನ ಒಂದು ಕಡೆ ನಸುಕಿನ ಆಕಾಶ: ಹೆಬ್ಬೆರಳಷ್ಟು ಬಿಳಿ, ಕಡಲೆಬೇಳೆಯಷ್ಟು ಓಕರ್, ಸಾಸಿವೆಯಷ್ಟು ಕ್ರಿಮ್ಸನ್. ಇನ್ನೊಂದು ಕಡೆ ಹತ್ತಿರದ ಬೆಟ್ಟ: ಅಲ್ಟ್ರಾಮರೀನ್, ಬರ್ನ್ಟ್ ಸಿಯೆನಾ ಸಮಸಮ, ಸ್ವಲ್ಪ ಓಕರ್. ಈ ಎರಡರ ನಡುವೆ ಮೂರು ರಾಶಿ ಮಾಡಿ. ಬೆಟ್ಟದ ಬಣ್ಣ ಚಹಾದ ಡಿಕಾಕ್ಷನ್ ಅಂದುಕೊಳ್ಳಿ, ಆಕಾಶದ ಬಣ್ಣ ಹಾಲು. ತೀರಾ ದೂರದ ಬೆಟ್ಟ ಹಾಲಿಗೆ ಒಂದು ತೊಟ್ಟು ಡಿಕಾಕ್ಷನ್, ಮೇಲೆ ಸ್ವಲ್ಪ ನೀಲಿ. ಅದರ ಮುಂದಿನದು ಅರ್ಧರ್ಧ. ಅದರ ಮುಂದಿನದು ಸ್ಟ್ರಾಂಗ್. ಬೆಟ್ಟಕ್ಕೆ ಬೇರೆ, ಆಕಾಶಕ್ಕೆ ಬೇರೆ ಟ್ಯೂಬ್ ಹಿಡಿದರೆ ಎರಡೂ ಬೇರೆ ಬೇರೆ ಊರಿನವಾಗುತ್ತವೆ. ಹೀಗೆ ಕಲಸಿದರೆ ಒಂದೇ ಗಾಳಿಯೊಳಗೆ ಇರುತ್ತವೆ.

ಸರಿಯಾಯಿತಾ ನೋಡಲು ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆಯಿರಿ. ಐದೂ ರಾಶಿ ಮೆಟ್ಟಿಲಿನ ಹಾಗೆ ಕಾಣಬೇಕು. ಎರಡು ರಾಶಿ ಒಂದೇ ಹಾಗೆ ಕಂಡರೆ ಮತ್ತೆ ಕಲಸಿ.

ಆಕಾಶ ಮೊದಲು. ಬೆಟ್ಟದ ಹಿಂದೆ ಬೆಚ್ಚಗೆ, ಮೇಲೆ ಹೋದಂತೆ ನೀಲಿ ಬೂದು. ಹಳದಿ ನೇರ ನೀಲಿಗೆ ತಾಗಿದರೆ ಆಕಾಶ ಹಸಿರಾಗುತ್ತದೆ, ನಡುವೆ ಒಂದು ಪಟ್ಟಿ ನಸುಗೆಂಪು ಬೂದು ಇಡಿ. ಆಮೇಲೆ ಒಣ ಮೆತ್ತನೆಯ ಬ್ರಷ್ಷಿನಲ್ಲಿ, ಮಗುವಿನ ಕೆನ್ನೆಗೆ ಪೌಡರ್ ಹಚ್ಚುವ ಹಾಗೆ, ಅಡ್ಡಡ್ಡಕ್ಕೆ ಸವರಿ. ನಾಲ್ಕು ಸಲ ಸವರಿದರೆ ಸಾಕು. ಹತ್ತು ಸಲ ಸವರಿದರೆ ಪ್ಲಾಸ್ಟಿಕ್ ಬಕೆಟ್ ಆಗುತ್ತದೆ.

ಆಕಾಶ ಹಸಿ ಇರುವಾಗಲೇ ದೂರದ ಬೆಟ್ಟ. ಇಲ್ಲೇ ನನ್ನ ಕೈ ಎರಡು ತಿಂಗಳು ಸೋತದ್ದು. ಪೊಸಡಿಗುಂಪೆಗೆ ಡಿಸೆಂಬರಿನಲ್ಲಿ ಬೆಳಿಗ್ಗೆ ಆರಕ್ಕೆ ಹತ್ತಿ ನೋಡಿ. ಮಂಜು ಕಣಿವೆಯಲ್ಲಿ ಮಲಗಿರುತ್ತದೆ. ಗುಡ್ಡೆಗಳ ತಲೆ ಕಾಣುತ್ತದೆ, ಬುಡ ಇರುವುದಿಲ್ಲ. ನಾನು ಅಷ್ಟು ದಿನ ಬೆಟ್ಟವನ್ನು ಬುಡದಿಂದ ತುದಿಯವರೆಗೆ ಒಂದೇ ಬಣ್ಣ ತುಂಬಿ, ಆಮೇಲೆ ಮೇಲೆ ಬಿಳಿ ಮಂಜು ಅಂಟಿಸುತ್ತಿದ್ದೆ. ಅದು ಹತ್ತಿಯ ಹಾಗೆ ಕಾಣುತ್ತಿತ್ತು. ಮಂಜನ್ನು ಅಂಟಿಸುವುದಲ್ಲ, ಬೆಟ್ಟವನ್ನು ಅಳಿಸುವುದು. ತುದಿಯಲ್ಲಿ ಬಣ್ಣ ಇಡಿ, ಕೆಳಗೆ ಬರುತ್ತಾ ಬ್ರಷ್ಷಿನಲ್ಲಿರುವ ಬಣ್ಣ ಮುಗಿಯಲಿ, ಬುಡಕ್ಕೆ ಬರುವಾಗ ಆಕಾಶದ ಬಣ್ಣವೇ ಸೇರಿಕೊಳ್ಳಲಿ. ಒಣ ಬ್ರಷ್ಷಿನಿಂದ ಬುಡದಲ್ಲಿ ಎರಡು ಸಲ ಸವರಿ, ಗೆರೆ ಹೋಯಿತು. ಅದರ ಮುಂದೆ ಮುಂದಿನ ಬೆಟ್ಟದ ತುದಿ, ಸ್ವಲ್ಪ ಗಾಢ. ಮತ್ತೆ ಬುಡ ಅಳಿಸಿ.

ತುದಿಯ ಅಂಚೂ ಉದ್ದಕ್ಕೂ ಒಂದೇ ಹಾಗೆ ಬೇಡ. ಬೆಳಕು ಬೀಳುವ ಒಂದು ಕಡೆ ಮಾತ್ರ ಚೂಪು. ಇಡೀ ಚಿತ್ರದಲ್ಲಿ ಬ್ಲೇಡಿನ ಹಾಗೆ ಚೂಪಾದ ಅಂಚು ಎರಡೋ ಮೂರೋ ಇರಲಿ. ಕಣ್ಣು ಅಲ್ಲಿಗೇ ಹೋಗುತ್ತದೆ.

ಮೊದಲ ದಿನ ಇಷ್ಟೇ.

ನೀರು ನೋಡಲು ಕಲ್ಲಿನ ಕೋರೆ

ನಮ್ಮ ಮನೆಯ ಹಿಂದಿನ ಗುಡ್ಡೆಯಲ್ಲಿ ಕೆಂಪುಕಲ್ಲು ತೆಗೆದು ಬಿಟ್ಟ ಕೋರೆ ಉಂಟು. ಮಳೆಗಾಲ ಮುಗಿದ ಮೇಲೂ ಕೆಲವು ತಿಂಗಳು ನೀರು ನಿಂತಿರುತ್ತದೆ. ಕಡಿದ ಗೋಡೆ ನೇರ, ಯಂತ್ರದ ಗೆರೆ ಸಾಲು ಸಾಲು, ಮೇಲೆ ಮುಳಿಹುಲ್ಲು, ಒಂದು ತೆಂಗಿನ ಮರ ಇಣುಕುತ್ತದೆ. ಗೂಗಲ್‌ನಲ್ಲಿ ಹುಡುಕಿದ ಸ್ವಿಸ್ ಸರೋವರಗಳಿಗಿಂತ ಜಾಸ್ತಿ ಈ ಹೊಂಡ ನನಗೆ ಕಲಿಸಿತು. ಅಂಚಿಗೆ ಮಾತ್ರ ಹೋಗಬೇಡಿ. ಜಾರಿದರೆ ಹತ್ತಲು ಹಿಡಿ ಸಿಗುವುದಿಲ್ಲ. ಗಾಡಿ ಇಳಿಯುತ್ತಿದ್ದ ಇಳಿಜಾರಿನ ಬದಿಯಲ್ಲಿ ಕುಳಿತುಕೊಳ್ಳಿ.

ಮೊದಲನೆಯದು, ಕೆರೆ ನೀಲಿ ಅಲ್ಲ. ಕಾಲಬುಡದ ನೀರಿನಲ್ಲಿ ತಳದ ಕೆಂಪುಮಣ್ಣು ಕಾಣುತ್ತದೆ, ಮುಳುಗಿದ ಕಲ್ಲು ಕಾಣುತ್ತದೆ. ಕಣ್ಣು ಎತ್ತಿ ಹತ್ತು ಅಡಿ ಆಚೆ ನೋಡಿದರೆ ತಳ ಮಾಯ, ಎದುರು ಗೋಡೆಯ ಬಿಂಬ ಮಾತ್ರ. ನೇರ ಕೆಳಗೆ ನೋಡಿದಾಗ ನೀರು ಗಾಜು, ಓರೆಯಾಗಿ ನೋಡಿದಾಗ ಕನ್ನಡಿ. ಚಿತ್ರದಲ್ಲಿ ಮುಂದಿನ ಎರಡಿಂಚು ನೀರನ್ನು ಸಿಯೆನಾ, ಅಂಬರ್‌ನಲ್ಲಿ ತೆಳುವಾಗಿ ಮಾಡಿ, ಎರಡು ಕಲ್ಲು ಮುಳುಗಿಸಿ. ಆಚೆಗೆ ಹೋದಂತೆ ನೀರನ್ನು ಆಕಾಶ, ಬೆಟ್ಟಗಳ ಬಿಂಬಕ್ಕೆ ಬಿಟ್ಟುಕೊಡಿ. ಇದೊಂದರಿಂದ ನನ್ನ ಕೆರೆಗೆ ಆಳ ಬಂತು.

ಎರಡನೆಯದು ನನಗೆ ನಂಬಲಿಕ್ಕೇ ಆಗಲಿಲ್ಲ. ಬಿಂಬ ಅಂದರೆ ಮೇಲಿನದ್ದನ್ನು ಮಗುಚಿ ಹಾಕುವುದು ಅಂತ ತಿಳಿದಿದ್ದೆ. ಕೋರೆಯ ಗೋಡೆಯ ಮೇಲೆ ಆ ತೆಂಗಿನ ಮರದ ಅರ್ಧ ಕಾಂಡ ಕಾಣುತ್ತದೆ. ನೀರಲ್ಲಿ ನೋಡಿದರೆ ಕಾಂಡವೇ ಇಲ್ಲ, ಬರೇ ಗರಿ! ಕುಳಿತು ನೋಡಿದೆ, ನಿಂತು ನೋಡಿದೆ. ನಿಂತಾಗ ವ್ಯತ್ಯಾಸ ಜಾಸ್ತಿ. ಆಮೇಲೆ ಹೊಳೆಯಿತು. ನೀರಿನ ಬಿಂಬ ಅಂದರೆ ನಮ್ಮ ಕಣ್ಣು ನೀರಿನಿಂದ ಎಷ್ಟು ಮೇಲಿದೆಯೋ ಅಷ್ಟೇ ನೀರಿನ ಕೆಳಗೆ ಇದ್ದು ಮೇಲಕ್ಕೆ ನೋಡಿದರೆ ಏನು ಕಾಣುತ್ತದೋ ಅದು. ಕೆಳಗಿನಿಂದ ನೋಡಿದರೆ ಹತ್ತಿರದ ದಂಡೆ ಹಿಂದಿನದ್ದನ್ನು ಜಾಸ್ತಿ ಮುಚ್ಚುತ್ತದೆ ತಾನೆ? ಹಾಗಾಗಿ ಕೆರೆಯ ಆಚೆ ದಂಡೆಯಲ್ಲಿ ಕಾಡು, ಅದರ ಹಿಂದೆ ಹಿಮಶಿಖರ ಇದ್ದರೆ, ನೀರಿನಲ್ಲಿ ಕಾಡು ಪೂರ್ತಿ, ಶಿಖರ ಸ್ವಲ್ಪ ಗಿಡ್ಡ.

ಉಳಿದವು ಬೇಗ ಹೇಳುತ್ತೇನೆ. ಬಿಂಬ ವಸ್ತುವಿನ ನೇರ ಕೆಳಗೇ ಬೀಳುತ್ತದೆ, ಆಚೀಚೆ ಇಲ್ಲ. ಮರ ಎಡಕ್ಕೆ ವಾಲಿದ್ದರೆ ಬಿಂಬವೂ ಎಡಕ್ಕೇ ವಾಲುತ್ತದೆ. ಬೆಳ್ಳಗಿನದ್ದು ನೀರಲ್ಲಿ ಸ್ವಲ್ಪ ಮಂಕು, ಕಪ್ಪಗಿನದ್ದು ಸ್ವಲ್ಪ ತಿಳಿ. ಬ್ರಷ್ಷಿನಲ್ಲಿ ಹೀಗೆ: ಬಿಂಬದ ಬಣ್ಣ ಇಟ್ಟು ಮೇಲಿನಿಂದ ಕೆಳಕ್ಕೆ ನೇರ ಎಳೆಯಿರಿ. ಆಮೇಲೆ ಒಣ ಬ್ರಷ್ಷಿನಿಂದ ಅಡ್ಡಕ್ಕೆ ಒಂದೇ ಒಂದು ಸಲ, ಉಸಿರು ಹಿಡಿದು. ಇಷ್ಟರಲ್ಲೇ ಅದು ನೀರಾಗುತ್ತದೆ. ಕೊನೆಗೆ ದೂರದ ದಂಡೆಯ ಹತ್ತಿರ ಗಾಳಿ ತಾಗಿದ ಕಡೆ ಒಂದು ಬೆಳ್ಳಿ ಗೆರೆ, ಆಕಾಶದ ಬಣ್ಣದ್ದು. ಒಂದೇ. ನಾನು ಐದು ಹಾಕಿದ್ದೆ, ಸೀರೆಯ ಅಂಚಿನ ಹಾಗಾಯಿತು.

ಒಣಗುವ ತನಕ

ಮೊದಲ ಪದರದಲ್ಲಿ ಟರ್ಪೆಂಟೈನ್ ಜಾಸ್ತಿ, ಎಣ್ಣೆ ಇಲ್ಲ. ಎರಡನೆಯದಕ್ಕೆ ಬಣ್ಣ ಟ್ಯೂಬಿನಿಂದ ಬಂದ ಹಾಗೆಯೇ. ಮೂರನೆಯದಕ್ಕೆ ಸ್ವಲ್ಪ ಅಗಸೆ ಎಣ್ಣೆ. ಈ ಕ್ರಮ ಉಲ್ಟಾ ಮಾಡಬೇಡಿ. ಎಣ್ಣೆ ಜಾಸ್ತಿ ಇರುವುದು ನಿಧಾನ ಒಣಗುತ್ತದೆ. ಅದು ಕೆಳಗಿದ್ದು ಬೇಗ ಒಣಗುವುದು ಮೇಲಿದ್ದರೆ ಗದ್ದೆಯ ಕೆಸರು ಬಿರಿದ ಹಾಗೆ ಬಿರಿಯುತ್ತದೆ.

ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಬೇಸಿಗೆಯಲ್ಲಿ ನನ್ನ ಹಲಗೆ ಒಂದು ವಾರಕ್ಕೆ ಬೆರಳಿಗೆ ಅಂಟುವುದಿಲ್ಲ, ಮಳೆಗಾಲದಲ್ಲಿ ಮೂರು ವಾರ. ಅಂಬರ್ ಬೇಗ ಒಣಗುತ್ತದೆ, ಬಿಳಿ ಮತ್ತು ಕ್ರಿಮ್ಸನ್ ನಿಧಾನ. ಬೇಗ ಒಣಗಲಿ ಅಂತ ಒಮ್ಮೆ ಒಲೆಯ ಮೇಲಿನ ಅಟ್ಟದಲ್ಲಿ ಅಡಿಕೆಯ ಜೊತೆ ಇಟ್ಟೆ. ನಸುಕಿನ ಆಕಾಶ ಮಸಿ ಹಿಡಿದು ಮುಸ್ಸಂಜೆಯಾಯಿತು. ಕತ್ತಲೆ ಕೋಣೆಯೂ ಬೇಡ, ಅಗಸೆ ಎಣ್ಣೆ ಕತ್ತಲೆಯಲ್ಲಿ ಹಳದಿಯಾಗುತ್ತದೆ. ಕಿಟಕಿಯ ಬೆಳಕು, ಗಾಳಿ ಸಾಕು. ಹಲಗೆಯ ಹಿಂದೆ ಬೂಸು ಬಂದರೆ ಒಣ ಬಟ್ಟೆಯಲ್ಲಿ ಒರೆಸಿ, ಗೋಡೆಗೆ ತಾಗದ ಹಾಗೆ ಇಡಿ.

ಒಣಗಿದ ಮೇಲೆ ಎರಡು ಉಪಾಯ. ಬಂಡೆ, ಕಾಡು ಇನ್ನೂ ಗಾಢವಾಗಬೇಕಾದರೆ ಅಲ್ಟ್ರಾಮರೀನ್, ಸಿಯೆನಾವನ್ನು ಎಣ್ಣೆಯಲ್ಲಿ ತೆಳು ಮಾಡಿ ಬಣ್ಣದ ಗಾಜಿನ ಹಾಗೆ ಮೇಲೆ ಬಳಿಯಿರಿ, ಜಾಸ್ತಿಯಾದದ್ದನ್ನು ಬಟ್ಟೆಯಿಂದ ತಟ್ಟಿ ತೆಗೆಯಿರಿ. ಮಂಜು ಇನ್ನೂ ಬೇಕಾದರೆ ಇದರ ಉಲ್ಟಾ. ಬ್ರಷ್ಷಿಗೆ ಆಕಾಶದ ಬಣ್ಣ ತೆಗೆದುಕೊಂಡು ಕಾಗದಕ್ಕೆ ಒರೆಸಿ, ಬ್ರಷ್ಷಿನಲ್ಲಿ ಬಣ್ಣ ಇದೆಯೋ ಇಲ್ಲವೋ ಅನ್ನುವ ಹಾಗೆ ಮಾಡಿ. ಅದರಿಂದ ಒಣಗಿದ ಗಾಢ ಬೆಟ್ಟದ ಬುಡಕ್ಕೆ ಮೆಲ್ಲಗೆ ಉಜ್ಜಿ. ಬಚ್ಚಲಿನ ಹೊಗೆ ಅಡಿಕೆ ತೋಟದ ಮುಂದೆ ನೀಲಿಯಾದ ಹಾಗೆ ಈ ತೆಳು ಬಿಳಿಯೂ ಕಪ್ಪಿನ ಮೇಲೆ ತಾನಾಗಿ ನೀಲಿಯಾಗುತ್ತದೆ. ಒಂದು ಕಣ ನೀಲಿ ಹಾಕದೆ! ಮೊದಲ ಸಲ ಹಾಗಾದಾಗ ರಾತ್ರಿ ಹನ್ನೊಂದು ಗಂಟೆ. ಹೆಂಡತಿಯನ್ನು ಎಬ್ಬಿಸಿ ತೋರಿಸಿ ಬೈಸಿಕೊಂಡೆ.

ಬೆನ್ನು ತೋರಿಸಿ ನಿಂತವನು

ರೊಮ್ಯಾಂಟಿಕ್ ಚಿತ್ರದಲ್ಲಿ ಮನುಷ್ಯ ಇದ್ದರೆ ಸಣ್ಣವನು, ಅಥವಾ ನಮಗೆ ಬೆನ್ನು ಹಾಕಿದವನು. ಫ್ರೆಡ್ರಿಕ್ 1818ರ ಸುಮಾರಿಗೆ ಬಿಡಿಸಿದ, ಮಂಜಿನ ಸಮುದ್ರದ ಮೇಲೆ ಬಂಡೆಯಲ್ಲಿ ಕೋಲು ಹಿಡಿದು ನಿಂತವನ ಚಿತ್ರ ನೀವು ಎಲ್ಲಾದರೂ ನೋಡಿರುತ್ತೀರಿ. ಅವನ ಮುಖ ಯಾರಿಗೂ ಗೊತ್ತಿಲ್ಲ. ಮುಖ ಇದ್ದರೆ ನಾವು ಅವನನ್ನು ನೋಡುತ್ತಿದ್ದೆವು. ಬೆನ್ನು ಇರುವುದರಿಂದ ಅವನು ನೋಡುವುದನ್ನು ನೋಡುತ್ತೇವೆ. ಹೊಸಬರಿಗೆ ಇದರಲ್ಲಿ ಇನ್ನೊಂದು ಲಾಭ. ಮೂಗು ಬಿಡಿಸುವ ಕಷ್ಟ ಇಲ್ಲ.

ನಿಮ್ಮ 16 ಇಂಚಿನ ಹಲಗೆಯಲ್ಲಿ ಮನುಷ್ಯ ಕಿರುಬೆರಳ ಉಗುರಿಗಿಂತ ಎತ್ತರ ಬೇಡ. ಬಂಡೆಯ ಮೇಲೆ, ಬೆಳ್ಳಗಿನ ನೀರಿನ ಮುಂದೆ ನಿಲ್ಲಿಸಿ. ಮೂರೇ ಹೊಡೆತ: ಮೈ, ತಲೆ, ಕಾಲು. ಚಿತ್ರದ ಚೂಪು ಅಂಚುಗಳಲ್ಲಿ ಒಂದು ಇವನ ಹೆಗಲಿಗೆ.

ಮೇಷ್ಟ್ರಿಗೆ ಎರಡನೇ ಚಿತ್ರ ತೆಗೆದುಕೊಂಡು ಹೋದೆ. ಆಲ್ಪ್ಸ್ ಶಿಖರ, ನಸುಕು, ಮುಂದೆ ನಮ್ಮ ಕೋರೆಯ ಕೆಂಪುಕಲ್ಲು, ಮುಳಿಹುಲ್ಲು. ಅವರು ಹಿಂದೆ ಸರಿದು ನೋಡಿದರು, ಕನ್ನಡಕ ತೆಗೆದು ನೋಡಿದರು. ಓದಲಿಕ್ಕೆ ಆಗುತ್ತದೆ ಅಂತ ಹೇಳಲಿಲ್ಲ. ಹತ್ತಿರ ಬಂದು ಆ ಸಣ್ಣ ಮನುಷ್ಯನ ಮೇಲೆ ಬೆರಳಿಟ್ಟು, “ಇವ ಯಾರು ಮಾರಾಯ, ತಲೆಗೆ ಮುಟ್ಟಾಳೆ ಇಟ್ಟವ?” ಎಂದರು. ಟೊಪ್ಪಿ ಹಾಕಲು ಹೋದ ಕೈ ಗೊತ್ತಿಲ್ಲದೆ ನಮ್ಮ ತೋಟದವರು ಇಡುವ ಅಡಿಕೆ ಹಾಳೆಯ ಮುಟ್ಟಾಳೆ ಹಾಕಿತ್ತು. ತಿದ್ದಿ ಕೊಡುತ್ತೇನೆ ಅಂದೆ. ಬೇಡ, ಅಲ್ಲೇ ಇರಲಿ ಅಂದರು.

ವಾರ್ನಿಷ್ ಹಚ್ಚಲು ಆರು ತಿಂಗಳಾದರೂ ಕಾಯಬೇಕು. ದಪ್ಪ ಬಣ್ಣ ಇದ್ದರೆ ಒಂದು ವರ್ಷ. ಒಳಗೆ ಒಣಗುವ ಮೊದಲೇ ಹಚ್ಚಿದರೆ ಅಂಟಂಟಾಗಿ ಉಳಿಯುತ್ತದೆ, ಬಿರಿಯಲೂಬಹುದು. ಮುಗಿಸಿದ ದಿನಾಂಕವನ್ನು ಹಲಗೆಯ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟರೆ ಮರೆಯುವುದಿಲ್ಲ. ಮೇಷ್ಟ್ರ ಮನೆಯದ್ದನ್ನು ಗೋಡೆಗೆ ಹಾಕುವಾಗ ಹಿಂದಿನ ನಾಲ್ಕು ಮೂಲೆಗೂ ಅರ್ಧರ್ಧ ಇಂಚಿನ ಮರದ ತುಂಡು ಅಂಟಿಸಿದ್ದೇನೆ, ಗೋಡೆಯ ತೇವ ತಾಗಬಾರದು ಅಂತ. ಅದಕ್ಕೆ ವಾರ್ನಿಷ್ ಹಚ್ಚಲು ಪತ್ತನಾಜೆಗೆ ಮೊದಲು, ಅಂದರೆ ಮೇ ಕೊನೆಗೆ ಮಳೆ ಹಿಡಿಯುವ ಮೊದಲು, ಒಂದು ಒಳ್ಳೇ ಬಿಸಿಲಿನ ದಿನ ನೋಡಿ ಹೋಗಬೇಕು.